ಡೆಕಾಲ್ ಸುತ್ತ ಬೆಳ್ಳಿ ಹೊಳಪು

ನಮಸ್ಕಾರ. ನಿಮ್ಮ 1/72 ಅಳತೆಯ ಮಿಗ್-21 ಮಾದರಿ ವಿಮಾನದ ರೆಕ್ಕೆಯಲ್ಲಿ ವಾಯುಪಡೆಯ ದುಂಡು ಗುರುತಿನ ಸುತ್ತ ಬೆಳ್ಳಿಯಂತೆ ಹೊಳೆಯುತ್ತಿದೆ, ಸ್ಪರ್ಧೆಗೆ ಮುಂಚೆ ಆ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಕಿತ್ತು ಬೇರೆ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೀಳಬೇಡಿ. ಡೆಕಾಲ್ ಕೆಟ್ಟಿಲ್ಲ, ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಮೈ ತರಿತರಿಯಾಗಿರುವುದರಿಂದ ಫಿಲ್ಮಿನ ಅಡಿ ಗಾಳಿ ಸಿಕ್ಕಿಕೊಂಡಿದೆ. ಹೊಳೆಯುವ ಕಡೆ ಮಾತ್ರ ಸಣ್ಣ ಸೂಜಿಯಿಂದ ಚುಚ್ಚಿ, ಕುಂಚದ ತುದಿಯಲ್ಲಿ ಒಂದು ಹನಿ ಮೈಕ್ರೋ ಸಾಲ್ (ಡೆಕಾಲನ್ನು ಮೆತ್ತಗೆ ಮಾಡುವ ದ್ರವ) ಬಿಡಿ. ಡೆಕಾಲ್ ಸುಕ್ಕುಗಟ್ಟುತ್ತದೆ, ಗಾಬರಿಯಾಗಬೇಡಿ, ಬೆರಳಂತೂ ತಾಗಿಸಲೇಬೇಡಿ. ನಾನು ಒಮ್ಮೆ ಮುಟ್ಟಿ ಬಾಲದ ತ್ರಿವರ್ಣವನ್ನೇ ಹರಿದುಕೊಂಡಿದ್ದೆ. ಒಣಗುತ್ತಾ ತಾನಾಗಿ ಮಟ್ಟಸವಾಗುತ್ತದೆ. ಒಂದು ರಾತ್ರಿ ಬಿಟ್ಟು, ಬೇಕಿದ್ದರೆ ಇನ್ನೊಮ್ಮೆ ಮಾಡಿ.

ಮುಂದಿನ ಸಲ ಮೊದಲು ಹೊಳಪಿನ (ಗ್ಲಾಸ್) ವಾರ್ನಿಷ್, ಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್. ಮಳೆ ಹಿಡಿದ ದಿನ ಮ್ಯಾಟ್ ಸ್ಪ್ರೇ ಬೇಡ, ತೇವಕ್ಕೆ ಬೆಳ್ಳಗೆ ಮಂಜು ಕಟ್ಟಿದಂತಾಗುತ್ತದೆ.

ಫೋಟೋದಲ್ಲಿ ವಿಮಾನದ ಬೆನ್ನಿನ ಮೇಲೆ ಜೋಡಣೆಯ ಗೆರೆ ಕಾಣುತ್ತಿದೆ. ನನಗೆ ಡೆಕಾಲಿಗಿಂತ ಅದರದ್ದೇ ಚಿಂತೆ. ತೀರ್ಪುಗಾರರು ಮೊದಲು ನೋಡುವುದೇ ಅಂಥದ್ದನ್ನು: ಗೆರೆ ಮುಚ್ಚಿದೆಯಾ, ರೆಕ್ಕೆಗಳು ಸಮ ಇವೆಯಾ, ಮೂರೂ ಚಕ್ರ ನೆಲಕ್ಕೆ ಕೂತಿವೆಯಾ. ಪುಟ್ಟಿ ತುಂಬಿ, 600, ಆಮೇಲೆ 1000 ನಂಬರಿನ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಉಜ್ಜಿ, ಆ ಪಟ್ಟಿಗಷ್ಟೇ ಬಣ್ಣ ಹಾಕಿ.