ಬಿದಿರು ಬಿಲ್ಲಿನ ಕೆಳತೋಳು ತಿರುಚಿದ್ದರೆ
ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಬಿಲ್ಲು ಹೊರತೆಗೆದಾಗ ಕೆಳತೋಳು, ಅಂದರೆ ಹಿಡಿಯ ಕೆಳಗಿನ ಭಾಗ, ಎಡಕ್ಕೆ ತಿರುಚಿತ್ತು ಅಂದಿರಿ. ಬಹುಶಃ ಮಳೆಗಾಲದ ತೇವ, ಜೊತೆಗೆ ಗೋಡೆಗೆ ಒರಗಿಸಿ ಇಟ್ಟದ್ದು. ನನ್ನದಕ್ಕೂ ಹೀಗೇ ಆಗಿತ್ತು. ಮೊದಲು ಹೆದೆ ಬಿಚ್ಚಿ, ತುದಿಯಲ್ಲಿ ಹೆದೆ ಕೂರುವ ಕಚ್ಚು ಎರಡೂ ಕಡೆ ಒಂದೇ ಆಳ ಇದೆಯಾ ನೋಡಿ, ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ. ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ತಿರುಚಿದ ಜಾಗವನ್ನು ಮಾತ್ರ ಒಲೆಯ ಕೆಂಡದಿಂದ ಒಂದು ಗೇಣು ಮೇಲೆ ಹಿಡಿದು, ತಿರುಗಿಸುತ್ತಾ, ಕೈ ಮುಟ್ಟಲಾಗದಷ್ಟು ಬಿಸಿ ಮಾಡಿ, ಬಣ್ಣ ಕಪ್ಪಾಗಬಾರದು. ಆಮೇಲೆ ದಪ್ಪ ಬಟ್ಟೆ ಸುತ್ತಿ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಲಕ್ಕೆ ತಿರುಚಿ, ಪೂರ್ತಿ ತಣ್ಣಗಾಗುವವರೆಗೆ ಹಾಗೇ ಹಿಡಿದಿರಿ. ಒಂದೇ ಸಲಕ್ಕೆ ಸರಿಹೋಗದೆಯೂ ಇರಬಹುದು, ಇನ್ನೊಮ್ಮೆ ಮಾಡಿ. ಫೈಬರ್‌ಗ್ಲಾಸ್ ಪದರ ಅಂಟಿಸಿದ ಬಿಲ್ಲಾದರೆ ಮಾತ್ರ ಕೆಂಡ ಬೇಡವೇ ಬೇಡ, ಅಂಟು ಬಿಡುತ್ತದೆ. ಎರಡು ದಿನ ಬಿಟ್ಟು ಹೆದೆ ಕಟ್ಟಿ.