ಹುಟ್ಟಿನಿಂದಲೇ ಇಲ್ಲದ ಹಲ್ಲಿಗೆ ಇಂಪ್ಲಾಂಟ್ ಯಾವಾಗ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲುಗಳ ಅಕ್ಕಪಕ್ಕದವು ಹುಟ್ಟಲೇ ಇಲ್ಲ. ಎಕ್ಸ್-ರೇಯಲ್ಲಿ ಅವುಗಳ ಮೊಳಕೆಯೂ ಕಾಣಲಿಲ್ಲ. ಅವಳ ಸೋದರಮಾವನಿಗೂ ಹೀಗೇ ಇದೆ. ಕ್ಲಿಪ್ ಹಾಕಿಸಿ ಜಾಗ ಮಾಡಿಸಿದ್ದೇವೆ. ಜೂನಿಯರ್ ಕಾಲೇಜು ಸೇರುವ ಮೊದಲೇ ಇಂಪ್ಲಾಂಟ್ (ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು) ಹಾಕೋಣವೆಂದು ಒಬ್ಬ ವೈದ್ಯರು, ಕಾಯಿರೆಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕಾಯಿರೆಂದವರ ಮಾತೇ ಸರಿ. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರವಿರುವುದರಿಂದ, ದವಡೆ ಬೆಳೆದಂತೆಲ್ಲ ಹಲ್ಲೂ ಅದರೊಡನೆ ಸರಿಯುತ್ತಾ ಹೋಗುತ್ತದೆ. ಟೈಟಾನಿಯಂ ಇಂಪ್ಲಾಂಟ್ ಮೂಳೆಗೇ ನೇರವಾಗಿ ಬೆಸೆದುಕೊಳ್ಳುವ ಕಾರಣ ಕೂರಿಸಿದಲ್ಲೇ ಉಳಿಯುತ್ತದೆ. ಈಗಲೇ ಹಾಕಿಸಿದರೆ, ಕೆಲವು ವರ್ಷಗಳಲ್ಲಿ ಪಕ್ಕದ ಹಲ್ಲುಗಳು ಕೆಳಗಿಳಿದು, ಕೃತಕ ಹಲ್ಲು ಗಿಡ್ಡವಾಗಿಯೂ ಅದರ ಒಸಡಿನ ಅಂಚು ಮೇಲೇರಿದಂತೆಯೂ ಕಾಣತೊಡಗುತ್ತದೆ. ನಗುವಾಗ ಒಸಡು ಕಾಣಿಸುವವರಲ್ಲಂತೂ ಇದನ್ನು ಮರೆಮಾಡಲಾಗದು. ಆಮೇಲೆ ಕ್ಲಿಪ್ ಹಾಕಿ ಅದನ್ನು ಎಳೆಯುವಂತೆಯೂ ಇಲ್ಲ. ಸ್ವೀಡನ್ನಿನ ವೈದ್ಯ ಬ್ರಾನೆಮಾರ್ಕ್ ಅವರು 1965ರಲ್ಲಿ ಮೊದಲ ಬಾರಿಗೆ ಇಂತಹ ಇಂಪ್ಲಾಂಟ್ ಕೂರಿಸಿದ ರೋಗಿಗೂ ಹುಟ್ಟಿನಿಂದಲೇ ದವಡೆಯ ದೋಷವಿತ್ತು, ಆದರೆ ಆ ರೋಗಿ ಆಗಲೇ ಬೆಳೆದು ನಿಂತ ಗಂಡಸು.

ಬೆಳವಣಿಗೆ ನಿಂತಿತೆಂದು ಜನ್ಮದಿನಾಂಕ ನೋಡಿ ತೀರ್ಮಾನಿಸಬಾರದು. ತಲೆಯ ಪಕ್ಕದ ನೋಟದ ಎಕ್ಸ್-ರೇಯನ್ನು 6 ತಿಂಗಳಿಂದ 1 ವರ್ಷದ ಅಂತರದಲ್ಲಿ ಎರಡು ಸಲ ತೆಗೆದು ಹೋಲಿಸಿ, ವ್ಯತ್ಯಾಸವಿಲ್ಲದಿದ್ದರೆ ಮಾತ್ರ ಮುಂದುವರಿಯುತ್ತಾರೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 17–18ರ ನಂತರ, ಹುಡುಗರಲ್ಲಿ ಇನ್ನೂ ತಡವಾಗಿ ಈ ಹಂತ ಬರುತ್ತದೆ.

ಅಲ್ಲಿಯವರೆಗೆ ಮಗಳು ಬಾಯಿ ಮುಚ್ಚಿಕೊಂಡು ನಗಬೇಕಾಗಿಲ್ಲ. ಪಕ್ಕದ ಹಲ್ಲಿನ ಹಿಂಬದಿಗೆ ಸಣ್ಣ ರೆಕ್ಕೆಯಿಂದ ಅಂಟಿಸುವ ಕೃತಕ ಹಲ್ಲು (ಮೇರಿಲ್ಯಾಂಡ್ ಬ್ರಿಡ್ಜ್) ಈ ಕಾಲಕ್ಕೆ ಸಾಕು. ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಸರಿಯದಂತೆ ಹಿಡಿದಿಡುವ ರಿಟೇನರ್‌ಗೇ ಕೃತಕ ಹಲ್ಲು ಸೇರಿಸುವುದೂ ಉಂಟು. ನನ್ನ ದೃಷ್ಟಿಯಲ್ಲಿ ನೀವು ಈಗ ಕೇಳಬೇಕಾದದ್ದು ಬೇರೆಯೇ ಪ್ರಶ್ನೆ: ಬೇರುಗಳ ನಡುವೆ ಜಾಗವಿದೆಯೇ? ಕನ್ನಡಿಯಲ್ಲಿ ಸಂದು ಸಾಕಷ್ಟಿದ್ದರೂ ಒಸಡಿನೊಳಗೆ ನಡುವಿನ ಬಾಚಿಹಲ್ಲು ಮತ್ತು ಕೋರೆಹಲ್ಲಿನ ಬೇರುಗಳು ಒಂದಕ್ಕೊಂದು ವಾಲಿರಬಹುದು. ಸುಮಾರು 6–7 ಮಿಲಿಮೀಟರ್ ಜಾಗವಿಲ್ಲದೆ ಅಲ್ಲಿ ಇಂಪ್ಲಾಂಟ್ ಸುರಕ್ಷಿತವಾಗಿ ಕೂರದು. ಆದ್ದರಿಂದ ಕ್ಲಿಪ್ ಬಿಚ್ಚುವ ಮೊದಲೇ ಆ ಭಾಗದ ಎಕ್ಸ್-ರೇ ತೆಗೆಸಿ, ಬಿಚ್ಚಿದ ಮೇಲೆ ರಿಟೇನರ್ ಬಿಡದೆ ಹಾಕಿಸಿ. ಹಲ್ಲೇ ಹುಟ್ಟದ ಕಡೆ ಮೂಳೆ ತೆಳ್ಳಗಿರುವುದರಿಂದ, ಮುಂದೆ ಮೂಳೆ ತುಂಬಿಸಬೇಕಾಗಿ ಬಂದರೆ ಗಾಬರಿಯಾಗಬೇಡಿ.

ಈ ದೋಷ ವಂಶವಾಹಿಯಿಂದ ಬರುವುದು ಸಾಮಾನ್ಯ. ಆರು ಅಥವಾ ಹೆಚ್ಚು ಹಲ್ಲುಗಳಿಲ್ಲದೆ, ಕೂದಲು ವಿರಳವಾಗಿದ್ದು ಬೆವರೂ ಕಡಿಮೆಯಿದ್ದರೆ ಬೇರೆ ತಪಾಸಣೆ ಬೇಕು. ನೀವು ಬರೆದಷ್ಟರಲ್ಲಿ ಆ ಲಕ್ಷಣಗಳಿಲ್ಲ. ಅವಳಿಗೆ ತಮ್ಮನೋ ತಂಗಿಯೋ ಇದ್ದರೆ 9ನೇ ವಯಸ್ಸಿನ ಹೊತ್ತಿಗೆ ಪೂರ್ಣ ದವಡೆಯ ಎಕ್ಸ್-ರೇ ತೆಗೆಸಿ.

ಇನ್ನೊಂದು ಅಭಿಪ್ರಾಯ ಬೇಕಾದರೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣದ ಹತ್ತಿರದ ಸರ್ಕಾರಿ ದಂತ ಕಾಲೇಜಿಗೆ ಡೊಂಬಿವಲಿಯಿಂದ ಒಂದೇ ಲೋಕಲ್‌ನಲ್ಲಿ ಹೋಗಬಹುದು. ಕ್ಲಿಪ್ ಹಾಕುವ ಮೊದಲಿನ ಎಕ್ಸ್-ರೇಗಳನ್ನೂ ಜೊತೆಗೆ ಒಯ್ಯಿರಿ.