ತೋಟಕ್ಕೆ ಹಳೇ ಪಿಕಪ್ ತಗೊಂಡು ರಿಪೇರಿ ಮನೆಯಲ್ಲೇ ಮಾಡಿಕೊಳ್ಳಬಹುದಾ? ಗಾಡಿ ನೋಡುವಾಗ ಏನೇನು ನೋಡಬೇಕು?

ಸೋಮವಾರಪೇಟೆ ಕಡೆ ಸಣ್ಣ ತೋಟ, ಕೈಯಲ್ಲಿ ದುಡ್ಡು ಕಡಿಮೆ, ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಗೊಬ್ಬರ ಮತ್ತು ಕಾಫಿ ಸಾಗಿಸಲು ಹಳೇ ಪಿಕಪ್ ಒಂದು ಸಾಕು ಅಂತ ಬರೆದಿದ್ದೀರಿ. ಬೊಲೆರೊ ಒಳ್ಳೆಯದಾ, ಟಾಟಾ 207 ಒಳ್ಳೆಯದಾ, ಫೋರ್ ವೀಲ್ ಡ್ರೈವ್ ಬೇಕೇ ಬೇಕಾ ಅಂತಲೂ ಕೇಳಿದ್ದೀರಿ. ನಾನು ಸುಂಟಿಕೊಪ್ಪದ ಹತ್ತಿರದವನು. ನಮ್ಮ ಶೆಡ್ಡಿನಲ್ಲಿ ಯಾವಾಗಲೂ ಒಂದು ಹಳೇ ಪಿಕಪ್ ಇದ್ದೇ ಇರುತ್ತದೆ, ಅದರ ಹೆಚ್ಚಿನ ಕೆಲಸ ನಾನೇ ಮಾಡುತ್ತೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಹಳೇ ಪಿಕಪ್ ಕೊಳ್ಳುವಾಗ ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಮೊದಲು ನೋಡಬೇಕು, ಇಂಜಿನ್ ಆಮೇಲೆ. ಎಲ್ಲರೂ ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ, ಶಬ್ದ ಕೇಳಿ ಒಪ್ಪಿಕೊಂಡುಬಿಡುತ್ತಾರೆ. ಇಂಜಿನ್ ಕೆಟ್ಟರೆ ಬಿಚ್ಚಿ ಮಾಡಿಸಬಹುದು. ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ. ಚಾಸಿ ಹೋದರೆ ಗಾಡಿಯೇ ಹೋದಂತೆ. ಆರ್‌ಸಿಯಲ್ಲಿರುವ ನಂಬರ್ ಹೊಡೆದಿರುವುದು ಆ ಕಬ್ಬಿಣದ ಮೇಲೆ. ಅದನ್ನು ಸುಮ್ನೆ ಬದಲಾಯಿಸಲು ಆಗುವುದಿಲ್ಲ.

ಮಳೆಯೊಂದೇ ಆಗಿದ್ದರೆ ತುಕ್ಕು ಚಾಸಿಯನ್ನು ಇಷ್ಟು ಬೇಗ ತಿನ್ನುವುದಿಲ್ಲ. ಗಾಡಿ ಏನು ಹೊತ್ತಿದೆ ಎನ್ನುವುದೇ ಮುಖ್ಯ. ತೋಟದ ಗಾಡಿ ಅಂದರೆ ಗೊಬ್ಬರ ಹೊತ್ತೇ ಇರುತ್ತದೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಹರಿದ ಚೀಲದಿಂದ ಉದುರಿದ ಪುಡಿ ಬಾಡಿಯ ಸಂದಿಯಲ್ಲಿ ಕೂರುತ್ತದೆ, ಮೊದಲ ಮಳೆಗೆ ಕರಗಿ ಚಾಸಿಯ ಮೇಲೆ ಇಳಿಯುತ್ತದೆ. ಪಲ್ಪಿಂಗ್ ಮಾಡಿದ (ಹಣ್ಣಿನ ಸಿಪ್ಪೆ ತೆಗೆದ) ಹಸಿ ಕಾಫಿಯ ಚೀಲದಿಂದ ಸೋರುವ ನೀರಿನಲ್ಲಿ ಹುಳಿ ಇರುತ್ತದೆ, ಅದೂ ಕಬ್ಬಿಣಕ್ಕೆ ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮೀನಿನ ಗಾಡಿ. ಮಂಗಳೂರು, ಕಣ್ಣೂರು ಕಡೆಯಿಂದ ಐಸ್ ಹಾಕಿದ ಮೀನು ತಂದ ಗಾಡಿಯಲ್ಲಿ ಉಪ್ಪುನೀರು ದಾರಿಯುದ್ದಕ್ಕೂ ತೊಟ್ಟಿಕ್ಕಿರುತ್ತದೆ. ಅಂಥ ಗಾಡಿ ಎಷ್ಟು ಕಡಿಮೆ ಬೆಲೆಗೆ ಬಂದರೂ ಬೇಡ ಅನ್ನುತ್ತೇನೆ. ಆದ್ದರಿಂದ ಮಾರುವವರ ಹತ್ತಿರ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳುವ ಮೊದಲು, ಏನು ಲೋಡ್ ಹಾಕುತ್ತಿದ್ದಿರಿ ಅಂತ ಕೇಳಿ. ಬಾಡಿಯ ಮೂಲೆಗೆ ಮೂಗು ಹತ್ತಿರ ತನ್ನಿ. ಎಷ್ಟು ತೊಳೆದರೂ ಮೀನಿನ ವಾಸನೆ ಹಲಗೆಯ ಸಂದಿಯಲ್ಲಿ ಉಳಿದಿರುತ್ತದೆ.

ಟಾರ್ಚ್, ಹಳೇ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ತೆಗೆದುಕೊಂಡು ಹೋಗಿ. ಗೋಣಿಚೀಲ ಹಾಸಿ ಅಡಿಗೆ ಮಲಗಿ ನೋಡಲೇಬೇಕು, ನಾಚಿಕೆ ಬೇಡ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂರುವ ಬ್ರಾಕೆಟ್, ಅಡ್ಡಪಟ್ಟಿ ಚಾಸಿಗೆ ಸೇರುವ ಜಾಗ, ಬಾಡಿ ಕೂರಿಸಿದ ಯು ಬೋಲ್ಟ್‌ನ ಅಡಿ, ಈ ಮೂರು ಕಡೆ ತುಕ್ಕು ಮೊದಲು ಹಿಡಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಟೊಳ್ಳು ಶಬ್ದ ಬಂದು ಪದರ ಪದರ ಉದುರಿದರೆ ಅಲ್ಲಿಗೇ ಬಿಟ್ಟುಬಿಡಿ. ಮೇಲಿನ ಕೆಂಪು ತುಕ್ಕು ಬೇರೆ, ಅದನ್ನು ಉಜ್ಜಿ ಬಣ್ಣ ಹೊಡೆಯಬಹುದು. ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ. ವೆಲ್ಡಿಂಗ್ ಮಾಡಿದ ತೇಪೆ ಆ ಬಣ್ಣದ ಕೆಳಗೆ ಇರಬಹುದು.

ಇನ್ನು ಇಂಜಿನ್. ಬೆಳಿಗ್ಗೆಯೇ ಹೋಗಿ, ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ. ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು ಎಣ್ಣೆಯ ಪದರ ತೇಲುತ್ತಿದೆಯಾ ನೋಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಕೆಲಸ ಬಂದಿದೆ. ಆಮೇಲೆ ಸ್ಟಾರ್ಟ್ ಮಾಡಿ, ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ರಿಂಗ್ ಸವೆದಿದೆ. ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಲೋಡ್‌ನಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಇಲ್ಲವೇ ಡೀಸೆಲ್ ಚಿಮ್ಮಿಸುವ ನಾಜಲ್‌ನ ಸಮಸ್ಯೆ, ಅಷ್ಟು ಹೆದರಬೇಕಿಲ್ಲ.

ನಮ್ಮಲ್ಲಿ ಇಂಜಿನ್‌ಗಿಂತ ಬೇಗ ಸವೆಯುವುದು ಕ್ಲಚ್ ಮತ್ತು ಬ್ರೇಕ್. ತೋಟದೊಳಗಿನ ಏರು, ಸಂಪಾಜೆ ಘಾಟಿ, ಮಾಕುಟ್ಟ ಘಾಟಿ, ಎಲ್ಲ ಕಡೆ ಕಾಲು ಕ್ಲಚ್ ಮೇಲೇ ಇರುತ್ತದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಇಂಜಿನ್ ಆಫ್ ಆಗಬೇಕು. ಆಫ್ ಆಗದೆ ತಿರುಗುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ, ಆ ಖರ್ಚನ್ನು ಬೆಲೆಯಲ್ಲಿ ಕಡಿಸಿ. ಓಡಿಸುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಹಿಂದೆ ಟಕ್ ಅನ್ನುವುದು ಪ್ರೊಪೆಲ್ಲರ್ ಜಾಯಿಂಟ್ (ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಕೀಲು), ಅದು ಸಣ್ಣ ಕೆಲಸ. ವೇಗಕ್ಕೆ ತಕ್ಕಂತೆ ಹಿಂದಿನಿಂದ ಗುಯ್ ಅನ್ನುವ ಶಬ್ದ ಏರುತ್ತಾ ಹೋದರೆ ಕ್ರೌನ್ ಪಿನಿಯನ್, ಅಂದರೆ ಹಿಂದಿನ ಆಕ್ಸಲ್‌ನೊಳಗಿನ ಗೇರ್, ಅನುಮಾನ. ಅದು ದೊಡ್ಡ ಖರ್ಚು.

ಬೊಲೆರೊನಾ 207 ಆ ಅಂದರೆ, ನನ್ನ ಆಯ್ಕೆ ಮಹೀಂದ್ರಾದ ಬೊಲೆರೊ. 207 ಕೆಟ್ಟ ಗಾಡಿ ಅಂತಲ್ಲ. ಅದರ ಇಂಜಿನ್ ಸುಮಾರು 3 ಲೀಟರ್‌ನದ್ದು, ಎಳೆಯುವ ಶಕ್ತಿ ಚೆನ್ನಾಗಿದೆ. ಆದರೆ ಕೊಡಗಿನಲ್ಲಿ ಜೀಪ್ ರಿಪೇರಿ ಮಾಡಿ ಬೆಳೆದ ಮೆಕ್ಯಾನಿಕ್‌ಗಳು ಪ್ರತಿ ಪೇಟೆಯಲ್ಲೂ ಇದ್ದಾರೆ. ಮಹೀಂದ್ರಾ ಗಾಡಿಯ ಗುಟ್ಟು ಅವರಿಗೆ ಗೊತ್ತು, ಪಾರ್ಟ್ಸ್‌ಗೂ ಅಲೆಯಬೇಕಾಗಿಲ್ಲ. ಹಳೇ ಬೊಲೆರೊ ಪಿಕಪ್, ಎರಡು ಸಾಲು ಸೀಟಿನ ಕ್ಯಾಂಪರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆಯ ಡೀಸೆಲ್ ಇಂಜಿನ್, ಎರಡೂ 2523 ಸಿಸಿ. ಹಳೆಯದರಲ್ಲಿ ಮೆಕ್ಯಾನಿಕಲ್ ಪಂಪ್, ಆಮೇಲಿನದು ಕಾಮನ್ ರೈಲ್, ಅಂದರೆ ಡೀಸೆಲ್ ಚಿಮ್ಮುವುದನ್ನು ಕಂಪ್ಯೂಟರ್ ನಿಯಂತ್ರಿಸುವ ಬಗೆ. ನಾಜಲ್ ತಲೆಯ ಮೇಲೆ ವೈರ್ ಕನೆಕ್ಟರ್ ಇದ್ದರೆ ಕಾಮನ್ ರೈಲ್ ಅಂತ ತಿಳಿಯಿರಿ. ಮನೆಯಲ್ಲೇ ರಿಪೇರಿ ಅನ್ನುವ ಆಸೆ ಗಟ್ಟಿಯಾಗಿದ್ದರೆ ಮೆಕ್ಯಾನಿಕಲ್ ಪಂಪಿನ ಗಾಡಿಯನ್ನೇ ಹುಡುಕಿ. ಕಾಮನ್ ರೈಲ್‌ನಲ್ಲಿ ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇಲ್ಲದೆ ಕತ್ತಲೆಯಲ್ಲಿ ಹುಡುಕಿದಂತೆ. ಅದರ ಡೀಸೆಲ್ ಪೈಪಿನಲ್ಲಿ ಒತ್ತಡವೂ ವಿಪರೀತ. ಇಂಜಿನ್ ಓಡುತ್ತಿರುವಾಗ ಅದರ ನಟ್ ಸಡಿಲಿಸಬೇಡಿ, ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ.

ಮನೆಯಲ್ಲಿ ಏನೇನು ಮಾಡಬಹುದು ಅಂತ ಕೇಳಿದ್ದೀರಲ್ವಾ. ಆಯಿಲ್, ಎಲ್ಲ ಫಿಲ್ಟರ್, ಬ್ರೇಕ್ ಶೂ, ವೀಲ್ ಬೇರಿಂಗ್‌ಗೆ ಗ್ರೀಸ್, ಪ್ರೊಪೆಲ್ಲರ್ ಜಾಯಿಂಟ್, ಸೆಲ್ಫ್ ಮೋಟಾರ್ ಬಿಚ್ಚಿ ಹಾಕುವುದು, ವೈರಿಂಗ್, ಇವೆಲ್ಲ ಆರಾಮಾಗಿ ಆಗುತ್ತದೆ. ಡೀಸೆಲ್ ಖಾಲಿಯಾಗಿ ಏರ್ ಹಿಡಿದರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈ ಪಂಪ್ ಒತ್ತಿ ತೆಗೆಯುವುದನ್ನು ಮೊದಲೇ ಕಲಿತುಕೊಳ್ಳಿ. ಪಂಪ್ ಮತ್ತು ನಾಜಲ್ ಸೆಟ್ಟಿಂಗ್‌ಗೆ ಡೀಸೆಲ್ ಪಂಪ್ ಅಂಗಡಿಗೇ ಕೊಡಿ, ಕ್ರೌನ್ ಪಿನಿಯನ್ ಅನುಭವಸ್ಥ ಮೆಕ್ಯಾನಿಕ್ ಕೈಗೇ ಬಿಡಿ.

ಜಾಕ್ ವಿಷಯ ಮಾತ್ರ ಕೈಮುಗಿದು ಹೇಳುತ್ತೇನೆ. ನಮ್ಮ ಅಂಗಳದ ಮಣ್ಣು ಮಳೆಗಾಲದಲ್ಲಿ ಮೆತ್ತಗಿರುತ್ತದೆ, ಜಾಕ್ ನಿಧಾನಕ್ಕೆ ಹೂತು ಓರೆಯಾಗುತ್ತದೆ. ಅಡಿಗೆ ದಪ್ಪ ಹಲಗೆ ಇಡಿ. ಗಾಡಿಯ ಭಾರ ಜಾಕ್ ಸ್ಟ್ಯಾಂಡ್ ಮೇಲೆ ಕೂತ ನಂತರವೇ ಅಡಿಗೆ ಹೋಗಿ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು. ಹಿಂದಿನದನ್ನೇ ಎತ್ತಿದರೆ ಅದರಿಂದ ಪ್ರಯೋಜನ ಇಲ್ಲ, ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಡಲೇಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟು ಅಡಿಗೆ ಮಲಗುವವರನ್ನು ನೋಡಿದರೆ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಅವು ಒಮ್ಮೆಗೇ ಪುಡಿಯಾಗುತ್ತವೆ.

ದಾಖಲೆ ಕಡೆಗೆ ಬಂದರೆ, ಗೂಡ್ಸ್ ಗಾಡಿಗೆ ಎಂಟು ವರ್ಷ ಆದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಎಫ್‌ಸಿ ಮುಗಿದ ಗಾಡಿಯಾದರೆ, ಮಾರುವವರೇ ಮಾಡಿಸಿ ಕೊಡಲಿ ಅಂತ ಪಟ್ಟು ಹಿಡಿಯಿರಿ. ಲೋನ್ ಇದ್ದ ಗಾಡಿಗೆ ಸಾಲ ತೀರಿದ್ದನ್ನು ತಿಳಿಸುವ ಫಾರಂ 35, ಜೊತೆಗೆ ಸಾಲ ಕೊಟ್ಟವರ ಎನ್‌ಒಸಿ ಬೇಕು. ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಸಹಿ ಮಾಡಿಸಿಕೊಂಡು ಸುಮ್ಮನಿರಬೇಡಿ, 30 ದಿನದೊಳಗೆ ಹೆಸರು ಬದಲಾಯಿಸಲು ಅರ್ಜಿ ಹಾಕಿ. ಕೇರಳ ನಂಬರ್ ಗಾಡಿ ಅಗ್ಗವಾಗಿ ಕಾಣುತ್ತದೆ. ಅಲ್ಲಿಯ ಎನ್‌ಒಸಿ, ಇಲ್ಲಿಯ ತೆರಿಗೆ, ಕೆಎ 12 (ಕೊಡಗಿನ) ನಂಬರ್ ಪಡೆಯುವ ಓಡಾಟ ಎಲ್ಲ ಲೆಕ್ಕ ಹಾಕಿದ ಮೇಲೆ ಅಗ್ಗವಾಗಿಯೇ ಉಳಿದರೆ ತಗೊಳ್ಳಿ. ಒಟ್ಟು ತೂಕ 3000 ಕಿಲೋ ದಾಟದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಅದನ್ನು ಆರ್‌ಸಿಯಲ್ಲೇ ನೋಡಬಹುದು. ನಿಮ್ಮ ಕಾರಿನ ಲೈಸೆನ್ಸೇ ಸಾಕು. 7500 ಕಿಲೋ ತನಕದ ಗಾಡಿಗೆ ಅದು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಹೇಳಿದೆ.

ಸಾಧ್ಯವಾದರೆ ಗಾಡಿಯನ್ನು ಜೂನ್, ಜುಲೈನಲ್ಲಿ ನೋಡಿ. ತಣ್ಣಗೆ ಒದ್ದೆ ಹಿಡಿದ ಬೆಳಿಗ್ಗೆ ಗಾಡಿ ಹೇಗೆ ಸ್ಟಾರ್ಟ್ ಆಗುತ್ತದೆ, ಕ್ಯಾಬಿನ್ ಎಲ್ಲಿ ಸೋರುತ್ತದೆ, ಒದ್ದೆ ಬ್ರೇಕ್ ಯಾವ ಕಡೆ ಎಳೆಯುತ್ತದೆ, ಎಲ್ಲ ತಾನಾಗಿ ಗೊತ್ತಾಗುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೆ ಎಲ್ಲರಿಗೂ ಗಾಡಿ ಬೇಕು, ಆಗ ಚೌಕಾಶಿಗೆ ಜಾಗ ಇರುವುದಿಲ್ಲ.

ಫೋರ್ ವೀಲ್ ನಿಮಗೆ ಬೇಕಾಗಲಿಕ್ಕಿಲ್ಲ. ಪಿಕಪ್ ಖಾಲಿ ಇದ್ದಾಗ ಹಿಂಭಾರ ಇಲ್ಲದೆ ಚಕ್ರ ಸುಮ್ನೆ ತಿರುಗುತ್ತದೆ, ಅಷ್ಟೇ. ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಮರಳಿನ ಚೀಲ ಹಾಕಿ ಕಟ್ಟಿ, ಹಿಂದೆ ಕಚ್ಚು ದಪ್ಪಗಿರುವ ಟಯರ್ ಹಾಕಿಸಿ, ತೋಟದ ದಾರಿಯ ಕೆಸರಿನ ಜಾಗಕ್ಕೆ ಕಲ್ಲು ಹಾಸಿ. ನಿಮ್ಮ ದಾರಿ ಅಷ್ಟಕ್ಕೂ ಬಗ್ಗದಷ್ಟು ಕಡಿದಾಗಿದ್ದರೆ ಫೋರ್ ವೀಲ್ ಕ್ಯಾಂಪರ್ ನೋಡಿ. ಅದನ್ನು ಪರೀಕ್ಷೆ ಮಾಡುವಾಗ ಲಿವರ್ ಹಾಕಿ ಟಾರ್ ರಸ್ತೆಯಲ್ಲಿ ತಿರುಗಿಸಬೇಡಿ, ಗೇರ್ ಬಿಗಿಯುತ್ತದೆ. ಸಡಿಲ ಮಣ್ಣಿನಲ್ಲಿ ಹಾಕಿ, ಮುಂದಿನ ಎರಡೂ ಚಕ್ರ ಎಳೆಯುತ್ತಿದೆಯಾ ಅಂತ ಇನ್ನೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿಸಿ.